ಗುಡ್ಡದ ಮೇಲಿನ ನೌಕಾಪಡೆ

ಈ ಕತೆಯನ್ನು ನನಗೆ ಮೊದಲು ಹೇಳಿದವರು ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಮುದ್ರೆ ಒತ್ತಿ ನಿವೃತ್ತರಾದ ಹಿರಿಯರೊಬ್ಬರು. ಒಂದು ಶನಿವಾರ ಮಧ್ಯಾಹ್ನ, ಕ್ಷೌರದಂಗಡಿಯ ಬೆಂಚಿನ ಮೇಲೆ, ಸರದಿ ಕಾಯುತ್ತಿದ್ದ ಐದಾರು ಜನರ ಎದುರಿಗೆ. ಆಮೇಲೆ ಇನ್ನಿಬ್ಬರಿಂದಲೂ ಕೇಳಿದ್ದೇನೆ. ನಾಯಕನು ಬೀಗದ ಕೆಲಸದವನೆಂದು ಒಬ್ಬರು ಹೇಳಿದ್ದುಂಟು. ಉಳಿದುದರಲ್ಲಿ ಕೂದಲೆಳೆಯ ವ್ಯತ್ಯಾಸವೂ ಇಲ್ಲ.

ಕೊಡೆ ರಿಪೇರಿಯವನೊಬ್ಬನಿಗೆ ಹಳೆಯ ಯುದ್ಧದ ಅವಶೇಷಗಳನ್ನು ಅಗೆದು ತೆಗೆಯುವ ಹುಚ್ಚು. ಅದಕ್ಕೆಂದೇ ಇದ್ದ ಸಂಘವೊಂದಕ್ಕೆ ಸೇರಿ ಏಳು ವರ್ಷಗಳಾಗಿದ್ದವು. ಅಷ್ಟು ಕಾಲದಲ್ಲಿ ಅವನ ಲೋಹಶೋಧಕ ಯಂತ್ರ ಕುಂಯ್‌ಗುಟ್ಟಿ ತೋರಿಸಿಕೊಟ್ಟದ್ದು ಎರಡು ಬಾಗಿಲ ಕೀಲು, ಒಂದು ಒಲೆಯ ಮುಚ್ಚಳ ಮತ್ತು ಬೀದಿಯ ನೀರಿನ ಕೊಳವೆ. ಆ ಕೊಳವೆಯನ್ನು ಫಿರಂಗಿಯ ನಳಿಗೆಯೆಂದು ನಂಬಿ ಗುದ್ದಲಿ ಬೀಸಿದ ದಿನ ಬೀದಿಗೆ ಬೀದಿಯೇ ಸ್ನಾನ ಮಾಡಿತ್ತು.

ಒಂದು ಬೆಳಿಗ್ಗೆ ಸಂಘದ ಕಾಗದ ಬಂತು. ಏಳು ವರ್ಷದೊಳಗೆ ಒಂದಾದರೂ ಅವಶೇಷ ತೋರಿಸದ ಸದಸ್ಯನ ಹೆಸರನ್ನು ಹೊಡೆದುಹಾಕಲಾಗುವುದು. ಗಡುವು ಅಂದೇ ಸಂಜೆ ನಾಲ್ಕು ಗಂಟೆ. ಪರೀಕ್ಷೆಗೆ ಕಾರ್ಯದರ್ಶಿಯವರೇ ಬರುವರು.

ಅವನ ಮುಖ ಗಾಳಿಗೆ ಮಗುಚಿದ ಕೊಡೆಯಂತಾಯಿತು. ಕೋಟಿನ ಮೇಲಿದ್ದ ಸಂಘದ ಬಿಲ್ಲೆಯನ್ನು ಅಂಗೈಯಿಂದ ಮುಚ್ಚಿಕೊಂಡು, "ಇದು ಹೋದ್ರೆ ನಾನು ಬರೀ ಕೊಡೆಯವನು ಕಣೇ" ಎಂದ.

"ಈಗೇನು ದಂಡನಾಯಕರಾ?" ಎಂದಳು ಹೆಂಡತಿ. "ಹೋಗಿ ಮನೆ ಹಿಂದಿನ ಗುಡ್ಡ ಅಗೀರಿ. ಅದಕ್ಕೂ ಮೊದಲು ಹಲ್ಲುಜ್ಜಿ."

ಅವನು ಹಲ್ಲುಜ್ಜುವಷ್ಟರಲ್ಲಿ ಅವಳು ಪೆಟ್ಟಿಗೆಯ ತಳದಿಂದ ತನ್ನ ಅಜ್ಜನ ಹಿತ್ತಾಳೆ ಚೌಕಟ್ಟಿನ ವಿಮಾನ ಚಾಲಕರ ಕನ್ನಡಕವನ್ನು ತೆಗೆದು, ಗುಡ್ಡದ ಬಂಡೆಯ ಪಕ್ಕ ಹೂತು ಬಂದಳು. ಗೋಡೆಯಾಚೆಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ ಬೇಕರಿಯವನಿಗೂ ಕರುಳು ಚುರುಕ್ಕೆಂದಿತು. ತನ್ನ ಕೋಳಿಗಳು ನೀರು ಕುಡಿಯುತ್ತಿದ್ದ ಸಿಪಾಯಿಯ ಉಕ್ಕಿನ ಟೋಪಿಯನ್ನು ಅವನು ಒಯ್ದು ಹೂತ. ಬೇಕರಿಯವನು ಬ್ರೆಡ್ಡಿನ ಜೊತೆ ಸುದ್ದಿಯನ್ನೂ ಕೊಟ್ಟಿದ್ದರಿಂದ, ಎದುರು ಮನೆಯ ದರ್ಜಿ, ಯಾರೋ ಬಿಟ್ಟುಹೋಗಿದ್ದ ಕೋಟಿನಿಂದ ಲಂಗರಿನ ಗುರುತುಳ್ಳ ಆರು ಗುಂಡಿಗಳನ್ನು ಕತ್ತರಿಸಿ ಹೂತ. ಒಬ್ಬರ ಉಪಕಾರ ಇನ್ನೊಬ್ಬರಿಗೆ ಗೊತ್ತಿಲ್ಲ.

ಅಗೆತ ಶುರುವಾದಾಗ ಮೂವರೂ ಗುಡ್ಡದ ಮೇಲಿದ್ದರು.

"ಸ್ವಲ್ಪ ಎಡಕ್ಕೆ ಅಗಿ ಮಾರಾಯ" ಎಂದ ಬೇಕರಿಯವನು.

"ಎಡಕ್ಕೇನಿದೆ ನಿನ್ನ ತಲೆ? ಬಲಕ್ಕೆ!" ಎಂದ ದರ್ಜಿ.

"ಇಬ್ರೂ ಬಾಯಿ ಮುಚ್ಕೊಳ್ಳಿ. ರೀ, ಬಂಡೆ ಪಕ್ಕ ನೋಡ್ರೀ."

ಯಂತ್ರ ಮೂರು ಕಡೆಯೂ ಕುಂಯ್‌ಗುಟ್ಟಿತು. ಟೋಪಿ ಬಂತು, ಗುಂಡಿಗಳು ಬಂದವು, ಕನ್ನಡಕ ಬಂತು. ಕೊಡೆಯವನು ಮಣ್ಣಿನಲ್ಲಿ ಕುಳಿತು ಅತ್ತ. ಉಪಕಾರಿಗಳು ಒಬ್ಬರನ್ನೊಬ್ಬರು ನೋಡಿ, ಬಳಿಕ ಮೂರು ದಿಕ್ಕಿನ ಆಕಾಶವನ್ನು ನೋಡಿದರು.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಕಾರ್ಯದರ್ಶಿ ಬಂದರು. ಭೂತಗನ್ನಡಿ ಹಿಡಿದು ಬಾಗಿದವರು ಎದ್ದಾಗ ಅವರ ಮೀಸೆ ನಡುಗುತ್ತಿತ್ತು.

"ಇದು ಭೂಸೇನೆ. ಇದು ವಾಯುಪಡೆ. ಇದು ನೌಕಾಪಡೆ! ಇಲ್ಲಿಂದ ಸಮುದ್ರ ಎಷ್ಟು ದೂರ?"

"ರೈಲಲ್ಲಿ ಎರಡು ದಿನ" ಎಂದ ದರ್ಜಿ, ನೆಲ ನೋಡುತ್ತಾ.

"ಹಾಗಿದ್ರೆ ರಹಸ್ಯ ಕಾರ್ಯಾಚರಣೆ! ಮೂರೂ ಪಡೆ ಕಾದಾಡಿದ ಜಾಗ ಇಡೀ ಪ್ರಾಂತ್ಯದಲ್ಲಿ ಇದೊಂದೇ. ಸಂಘದ ಪರವಾಗಿ ಇದನ್ನು ಸಂರಕ್ಷಿತ ರಣಭೂಮಿ ಅಂತ ಘೋಷಿಸ್ತೀನಿ." ಚಪ್ಪಾಳೆಯಾಯಿತು. ಕಾರ್ಯದರ್ಶಿ ಸದಸ್ಯರ ಪಟ್ಟಿ ತೆರೆದು, ಕೊಡೆಯವನ ಹೆಸರಿನ ಮೇಲೆ ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದರು.

"ಸ್ವಾಮೀ! ಇದೇನು?"

"ಸಂರಕ್ಷಿತ ರಣಭೂಮಿಯಲ್ಲಿ ಅನುಮತಿ ಇಲ್ಲದೆ ಗುದ್ದಲಿ ಇಟ್ಟವನು ಸಂಘದಲ್ಲಿರೋ ಹಾಗಿಲ್ಲ."

"ಘೋಷಣೆ ಆಗಿದ್ದು ಈಗ ತಾನೇ!"

"ಯುದ್ಧ ಆವತ್ತೇ ಆಗಿತ್ತಲ್ಲಪ್ಪ?"

ಬೇಕರಿಯವನಿಗೆ ತಡೆಯಲಾಗಲಿಲ್ಲ. "ಆ ಟೋಪಿ ನಮ್ಮ ಕೋಳೀದು ಸ್ವಾಮಿ. ನಾನೇ ಹೂತಿದ್ದು." ಗುಂಡಿ ತನ್ನದೆಂದು ದರ್ಜಿ ಒಪ್ಪಿಕೊಂಡ. ಕನ್ನಡಕ ತನ್ನಜ್ಜನದೆಂದು ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಕಾರ್ಯದರ್ಶಿ ಪಟ್ಟಿಯನ್ನು ಮತ್ತೆ ತೆರೆದರು. ಅವರು ನ್ಯಾಯವಂತರು. "ಸರಿ. ರಣಭೂಮಿಯೇ ಅಲ್ಲ ಅಂದ್ಮೇಲೆ ತಪ್ಪೂ ಇಲ್ಲ" ಎಂದು ರಬ್ಬರು ತೆಗೆದು ಗೆರೆಯನ್ನು ಅಳಿಸಿ, ಪುಡಿಯನ್ನು ಊದಿ, ಕೊಡೆಯವನ ಕೈ ಕುಲುಕಿದರು. ಎಲ್ಲರೂ ಉಸಿರು ಬಿಟ್ಟರು.

ಆಗ ಪೇಟೆಯ ಗಡಿಯಾರ ನಾಲ್ಕು ಹೊಡೆಯಿತು. ಕಾರ್ಯದರ್ಶಿ ಪೆನ್ಸಿಲನ್ನು ಮತ್ತೆ ಚೂಪು ಮಾಡುತ್ತಾ ವಿನಯದಿಂದ ಕೇಳಿದರು:

"ಈಗ ಹೇಳಿ, ನಿಮ್ಮ ಅವಶೇಷ ಎಲ್ಲಿ?"

ಹಿರಿಯರು ಅಲ್ಲಿಗೆ ನಿಲ್ಲಿಸಿದರು. "ಅಯ್ಯೋ, ಅವನ ಹೆಂಡ್ತಿ ಹೇಗೆ ಸಮಾಧಾನ ಮಾಡಿದ್ಳೋ" ಎಂದು ಯಾರೋ ಗೊಣಗಿದರು. ಕೇಳುತ್ತಿದ್ದವರು ಕ್ಷೌರ ಮುಗಿದಂತೆ ಚಪ್ಪಲಿ ಮೆಟ್ಟಿಕೊಂಡು, ಒಬ್ಬೊಬ್ಬರಾಗಿ ಎದ್ದು ಮನೆಗೆ ನಡೆದರು.