ಕಾಕಾನ ಪಿಜ್ಜಾ ವಿಚಾರಣೆ

ನಮ್ಮ ಕಾಕಾ ಶುದ್ಧ ಸಸ್ಯಾಹಾರಿ ಎಂದರೆ ನೀವು ನಂಬಲೇಬೇಕು. ಆದರೆ ಅವರು ಮಾತ್ರ ಬೇರೆ ಯಾರನ್ನೂ ನಂಬುವುದಿಲ್ಲ! ಒಮ್ಮೆ ಸವಣೂರಿನ ಬೇಕರಿಯಲ್ಲಿ ಬನ್ನು ಹಿಡಿದು ಕೇಳಿದರು:

“ಇದರಾಗ ತತ್ತಿ ಐತೇನು?”

“ಇಲ್ರಿ.”

“ಪಕ್ಕದ ಕೇಕಿನಾಗ?”

“ಅದರಾಗ ಐತ್ರಿ.”

“ಹಂಗಾದ್ರ ಈ ಬನ್ನು ಅದರ ಜೋಡಿ ಎಷ್ಟು ದಿವಸದಿಂದ ಕುಂತೈತಿ?”

ಬನ್ನಿಗೂ ಸಹವಾಸದೋಷ ಹಚ್ಚಿದ ಪುಣ್ಯಾತ್ಮ!

ಇಂಥವರ ಹಾನಗಲ್ಲಿನ ಮನೆಯಲ್ಲಿ ಮೂರು ತಿಂಗಳ ಬಸುರಿ ಸೊಸೆಗೆ ಪಿಜ್ಜಾ ತಿನ್ನುವ ಬಯಕೆಯಾಗಬೇಕೆ? ಪಾಪ, ಉಂಡದ್ದೆಲ್ಲ ವಾಂತಿಯಾಗಿ ಆ ಹುಡುಗಿ ಸೊರಗಿಹೋಗಿದ್ದಳು. ಕಾಕಾ ನನ್ನ ಬೈಕಿನ ಹಿಂದೆ ಹತ್ತಿ ಕುಳಿತು, “ನಡಿ” ಎಂದರು.

ಬಂಕಾಪುರದ ಹತ್ತಿರ ಹೆದ್ದಾರಿಗೆ ಹೊಸದೊಂದು ಇಟಾಲಿಯನ್ ಅಂಗಡಿಯಾಗಿದೆ. ಮುಂಭಾಗದಲ್ಲಿ ಎಣ್ಣೆ ಬಾಟಲಿ, ಶ್ಯಾವಿಗೆಯ ನಾನಾ ಅವತಾರಗಳು, ಹಿಂಭಾಗದಲ್ಲಿ ಹೊಟೇಲು. ಕೌಂಟರಿನಲ್ಲಿದ್ದವಳು ಹುಲಗೂರಿನ ಹೆಣ್ಣುಮಗಳು. ಕಾಕಾ ವಿಚಾರಣೆ ಶುರುಮಾಡಿದರು.

“ಏನೇನು ಹಾಕ್ತೀರಿ?”

“ಟೊಮ್ಯಾಟೊ, ದಪ್ಪ ಮೆಣಸಿನಕಾಯಿ, ಚೀಸು, ಆಲಿವ್ ರಿ.”

“ಆಲಿವ್ ಅಂದ್ರ ಯಾರು?”

ಆಕೆ ಒಂದು ಕರಿ ಬಿಲ್ಲೆ ತೋರಿಸಿದಳು. ಕಾಕಾ ಎರಡು ಹೆಜ್ಜೆ ಹಿಂದೆ ಸರಿದರು. “ಕಣ್ಣು ಇದ್ದಂಗ ಐತಲ್ಲವಾ! ನನ್ನನ್ನ ನೋಡಾಕತ್ತೈತಿ!”

“ಗಿಡದ ಕಾಯಿರಿ ಯಜಮಾನ್ರ!”

“ಕಾಯಿ ಆದ್ರೂ ಬ್ಯಾಡ. ಈ ಚೀಸು?”

“ಎಮ್ಮಿ ಹಾಲಿಂದ್ರಿ. ಇಟಲ್ಯಾಗೂ ಎಮ್ಮಿ ಹಾಲಿಲೇ ಮಾಡ್ತಾರ್ರಿ.”

ಕಾಕಾನ ಮುಖ ಅರಳಿತು. “ಅವರೂ ಎಮ್ಮಿ ಕಟ್ಯಾರಂದ್ರ ಮಂದಿ ಚಲೋನ ಇರಬೇಕು!”

ಆದರೂ ಅಲ್ಲಿಯ ಚಾಕುವಿನ ಪೂರ್ವಾಪರ ಗೊತ್ತಿರಲಿಲ್ಲವಲ್ಲ! “ಕೊಯ್ಯಬ್ಯಾಡ್ರಿ, ಮನ್ಯಾಗ ಈಳಿಗಿ ಐತಿ” ಎಂದು ಇಡೀ ಪಿಜ್ಜಾ ಪಾರ್ಸಲ್ ಕಟ್ಟಿಸಿದರು.

ದಾರಿಯುದ್ದಕ್ಕೂ ಡಬ್ಬಿಯನ್ನು ಕೋರ್ಟಿನ ಫೈಲಿನಂತೆ ನೆಟ್ಟಗೆ ಕಂಕುಳಲ್ಲಿ ಒತ್ತಿ ಹಿಡಿದಿದ್ದರು. ಅಡ್ಡ ಹಿಡಿಯಿರಿ ಎಂದರೆ, “ಬಿಸಿ ಆರತೈತಿ, ಸುಮ್ನ ಹೊಡಿ!” ಎಂಬ ಗದರಿಕೆ. ಆ ರಸ್ತೆಯ ತಗ್ಗುಗಳ ಬಗ್ಗೆ ನಾನು ಬೇರೆ ಹೇಳಬೇಕೆ?

ಮನೆಯಲ್ಲಿ ಡಬ್ಬಿ ತೆರೆದರೆ ಒಂದು ಕಡೆ ಬರಿಯ ರೊಟ್ಟಿ. ಚೀಸು, ಮೆಣಸಿನಕಾಯಿ, ಟೊಮ್ಯಾಟೊ ಎಲ್ಲ ಜಾರಿ ಇನ್ನೊಂದು ಮೂಲೆಯಲ್ಲಿ ಮುದ್ದೆಯಾಗಿ ಕುಳಿತಿದ್ದವು!

“ಆಕಿ ಮೋಸ ಮಾಡ್ಯಾಳ!” ಕಾಕಾ ಕೂಗಿದರು.

ಸೊಸೆ ನಕ್ಕಳು. ಎಷ್ಟೋ ದಿನದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಾಕಿ ಈಳಿಗೆಯ ಮೇಲೆ ಪಿಜ್ಜಾ ಹೆಚ್ಚಿಕೊಟ್ಟರು. ಮುದ್ದೆಯಿದ್ದ ಬದಿಯ ಎರಡು ತುಂಡು ಸೊಸೆಯ ಹೊಟ್ಟೆಗೆ ಇಳಿದವು. ಕಾಕಾ ಅಂಗಳದಲ್ಲಿ ಅತ್ತಿಂದಿತ್ತ ಅಡ್ಡಾಡತೊಡಗಿದರು. ಅರ್ಧ ತಾಸಾದ ಮೇಲೆ ಬಾಗಿಲಲ್ಲಿ ಇಣುಕಿ ಮೆಲ್ಲಗೆ ಕೇಳಿದರು:

“ಯವ್ವಾ, ಹೊಟ್ಟ್ಯಾಗ ನಿಂತೈತಿ?”

“ನಿಂತೈತ್ರಿ ಮಾವ. ಇನ್ನೊಂದು ತುಂಡು ತಿನ್ನಲ್ರಿ?”

ಕಾಕಾ ಸೀದಾ ಅಡುಗೆಮನೆಗೆ ಹೋಗಿ ಮಣೆ ಎಳೆದುಕೊಂಡು ಕುಳಿತರು. “ನನಗೊಂದೆರಡು ರೊಟ್ಟಿ ಹಾಕು” ಎಂದು ಕಾಕಿಗೆ ಹೇಳಿದರು.

ಅವರಿಗೆ ಬಡಿಸಿ ಹೊರಗೆ ಬಂದ ಕಾಕಿ ನನ್ನ ಕಿವಿಯಲ್ಲಿ ಹೇಳಿದರು: “ಮೂರು ದಿವಸದಿಂದ ಬರೇ ಚಾದ ಮ್ಯಾಲ ಅದಾರಪ್ಪ. ‘ಆ ಹುಡುಗಿ ಹೊಟ್ಟ್ಯಾಗ ಏನೂ ನಿಲ್ಲವಲ್ದು, ನನ್ನ ಗಂಟಲದಾಗ ತುತ್ತು ಹೆಂಗ ಇಳೀಬೇಕು’ ಅಂತಿದ್ರು.”

ಒಳಗೆ ಕಾಕಾ ತಲೆ ತಗ್ಗಿಸಿ ಗಬಗಬ ಉಣ್ಣುತ್ತಿದ್ದರು. ನಾನು ತಂಬಿಗೆಯಲ್ಲಿ ನೀರು ತುಂಬಿ ಅವರ ಪಕ್ಕ ಇಟ್ಟೆ.