ಗಲ್ಲಿ ಬಂದ್, ಆಟ ಚಾಲೂ

ಹಿಮಾಯತ್‌ನಗರದ ನಮ್ಮ ಗಲ್ಲಿಯಲ್ಲಿ ಗಾಡಿಗಳು ಓಡಾಡುತ್ತಿದ್ದಾಗ ನಗುವಂಥದ್ದೇನೂ ನಡೆಯುತ್ತಿರಲಿಲ್ಲ. ರವಿವಾರ ಬೆಳಿಗ್ಗೆ ಗಾಡಿ ನಿಲ್ಲಿಸಿ ಮಕ್ಕಳನ್ನು ಆಡಲು ಬಿಟ್ಟ ಮೇಲೆ ವಾರಕ್ಕೊಂದು ಫಜೀತಿ ತಪ್ಪಿದ್ದಲ್ಲ.

ಎಲ್ಲಕ್ಕೂ ಮೂಲ ನನ್ನ ಮಗಳ ಸೈಕಲ್. ಅಪಾರ್ಟ್‌ಮೆಂಟಿನ ಕೆಳಗೆ ಗಾಡಿ ನಿಲ್ಲಿಸುವ ಸೆಲ್ಲಾರಿನಲ್ಲಿ ಕಂಬ ಸುತ್ತಿ ಸುತ್ತಿ ಕಲಿತವಳಿಗೆ ಎಡಕ್ಕೆ ಹೊರಳುವುದು ಮಾತ್ರ ಬರುತ್ತಿತ್ತು. ನೇರ ಹೋಗು ಅಂದರೆ ಇಳಿದು ತಳ್ಳುತ್ತಿದ್ದಳು. ಅದನ್ನು ಎಷ್ಟು ದಿನ ನೋಡುವುದು? ನಾಲ್ಕು ಮನೆಯವರನ್ನು ಕೂಡಿಸಿಕೊಂಡು ಪೊಲೀಸ್ ಠಾಣೆಗೆ ಹೋಗಿ ರವಿವಾರ ಬೆಳಿಗ್ಗೆ ಗಲ್ಲಿ ಬಂದ್ ಮಾಡಲು ಒಪ್ಪಿಗೆ ತಂದೆ. ಆದರೆ ಸಾಹೇಬರು ಒಂದು ಷರತ್ತು ಹಾಕಿದರು: ಗಲ್ಲಿಯ ಒಬ್ಬರು ದೂರು ಕೊಟ್ಟರೂ ಆಟ ಬಂದ್.

ಆ ಒಬ್ಬರು ಯಾರೆಂದು ಎಲ್ಲರಿಗೂ ಗೊತ್ತಿತ್ತು. ಮೊದಲನೇ ಮನೆಯ ಕಾಕಾ. ಕಲಬುರಗಿ ಕಡೆಯವರು, ಬಟ್ಟೆ ಅಂಗಡಿ ನಡೆಸಿ ಈಗ ಮಗನಿಗೆ ಒಪ್ಪಿಸಿದವರು. "ರಸ್ತಾ ಇರೋದು ಗಾಡಿಗೆ. ನನಗ ಒಂದ ಸಲ ತ್ರಾಸಾಗ್ಲಿ, ಸೀದಾ ಠಾಣೆಕ್ಕ ಹೋಗ್ತೀನಿ ನೋಡ್ರಿ" ಎಂದು ಮೊದಲೇ ಹೇಳಿಬಿಟ್ಟಿದ್ದರು.

ಹಗ್ಗದ ಕಾವಲು

ಮೊದಲ ರವಿವಾರ ಗಲ್ಲಿಯ ಬಾಯಿಗೆ ಹಗ್ಗ ಕಟ್ಟಿ, ನಮ್ಮನೆಯವರನ್ನು ಕಾವಲಿಗೆ ನಿಲ್ಲಿಸಿದೆ. ಅವರಿಗೆ 'ಇಲ್ಲ' ಎನ್ನುವುದು ಹುಟ್ಟಾ ಬಾರದು. ಬೈಕಿನವನು "ಬಸ್ ದೋ ಮಿನಿಟ್, ಭಯ್ಯಾ" ಅಂದ, ಹಗ್ಗ ಎತ್ತಿದರು. ಆಟೋದವನು ನಕ್ಕ, ಎತ್ತಿದರು. ಕಾರಿನವನೊಬ್ಬ ಏನೂ ಹೇಳದೆ ಬರೀ ನೋಡಿದ, ಅವನಿಗೂ ಎತ್ತಿದರು. ನಾನು ಕೆಳಗಿಳಿದು ಬರುವಷ್ಟರಲ್ಲಿ ಗಲ್ಲಿಯಲ್ಲಿ ದಿನಕ್ಕಿಂತ ಹೆಚ್ಚು ಗಾಡಿ.

"ಏನ್ರೀ ಇದು?" ಅಂದೆ.

"ಎತ್ತಿ ಎತ್ತಿ ರಟ್ಟಿ ನೋಯಾಕತ್ತಾವ. ಮುಂದಿನ ವಾರ ಹಗ್ಗ ಕಟ್ಟೋದ ಬ್ಯಾಡ ನೋಡು" ಅಂದರು.

ಬ್ಯಾಟ್ ಯಾರ ಕೈಯಲ್ಲಿ

ಎರಡನೇ ವಾರ ನಾನೇ ನಿಂತೆ. ನನ್ನ ಮುಖ ನೋಡಿಯೇ ಅರ್ಧ ಜನ ಹಿಂದಕ್ಕೆ ಹೊರಟರು. ರಸ್ತೆ ಖಾಲಿಯಾಯಿತು, ಮಕ್ಕಳು ಬಂದರು, ಬೆನ್ನಿಗೇ "ಸ್ವಲ್ಪ ಹೇಳಿಕೊಡೋಣ" ಅಂತ ಅಪ್ಪಂದಿರೂ ಬಂದರು. ಅರ್ಧ ತಾಸಿನಲ್ಲಿ ಅಪ್ಪಂದಿರು ಎಲ್‌ಬಿಡಬ್ಲ್ಯೂಗಾಗಿ ಒಬ್ಬರ ಕೊರಳಪಟ್ಟಿ ಒಬ್ಬರು ಹಿಡಿದಿದ್ದರು. ಮಕ್ಕಳು ಕಟ್ಟೆಯ ಮೇಲೆ ಕೂತು ಅವರ ಚಪ್ಪಲಿ ಕಾಯುತ್ತಿದ್ದರು.

ಮೈಸೂರಿನಿಂದ ಬಂದ ಐಟಿ ಸಂಸಾರದ ಹುಡುಗ ಕಣ್ಣೊರೆಸಿಕೊಳ್ಳುತ್ತ ಬಂದ. "ಆಂಟಿ, ಅಪ್ಪ ಔಟಾದ್ರೂ ಬ್ಯಾಟ್ ಕೊಡ್ತಾ ಇಲ್ಲ."

ಹೋಗಿ ವಿಚಾರಿಸಿದೆ. ಅಪ್ಪ ಬೆವರು ಒರೆಸಿಕೊಂಡು, "ಅವನು ದಿನಾ ಆಡ್ತಾನಲ್ಲ ಮೇಡಂ, ಮೊಬೈಲ್‌ನಲ್ಲಿ" ಅಂದರು.

ಶಾಮಿಯಾನಾ

ವಾರವಾರ ಗಂಟಲು ಹರಿದುಕೊಳ್ಳಲು ನನ್ನಿಂದಾಗದು. ಈ ಊರಿನಲ್ಲಿ ಗಾಡಿ ನಿಲ್ಲುವುದಾದರೂ ಯಾವುದಕ್ಕೆ ಎಂದು ಯೋಚಿಸಿದೆ. ಕೆಂಪು ದೀಪಕ್ಕಲ್ಲ, ಪೊಲೀಸರ ಸೀಟಿಗಲ್ಲ. ಶಾಮಿಯಾನಾಕ್ಕೆ! ರಸ್ತೆಗೆ ಅಡ್ಡ ನಾಲ್ಕು ಕಂಬ, ಮೇಲೊಂದು ಬಟ್ಟೆ, ಕೆಳಗಷ್ಟು ಪ್ಲಾಸ್ಟಿಕ್ ಕುರ್ಚಿ ಇದ್ದರೆ ಯಾರೂ ತಕರಾರು ತೆಗೆಯುವುದಿಲ್ಲ. ಮದುವೆಯೋ ಸಾವೋ ಇರಬೇಕು ಎಂದು ತಾವಾಗಿ ತಿರುಗಿಸಿಕೊಂಡು ಹೋಗುತ್ತಾರೆ.

ಮೂರನೇ ವಾರ ಬಾಡಿಗೆಗೆ ತಂದು ಗಲ್ಲಿಯ ಬಾಯಿಗೇ, ಅಂದರೆ ಕಾಕಾನ ಮನೆ ಮುಂದೆ ಹಾಕಿಸಿದೆ. ಒಂದು ಹಾರ್ನ್ ಇಲ್ಲ. ಮಗಳು ಸೈಕಲ್ ಏರಿ ಗಲ್ಲಿಯ ಆ ತುದಿಯವರೆಗೆ ನೇರ ಹೋದಳು. ನನಗೆ ಅಳುವೇ ಬಂತು. ಕಾಕಾ ಜಗಳಕ್ಕೆಂದೇ ಹೊರಬಂದವರು, ನೆರಳು ನೋಡಿ ಹಿಂದಿನ ಕುರ್ಚಿಯಲ್ಲಿ ಕೂತು ಮುಖ ಮುಚ್ಚುವಂತೆ ಪೇಪರ್ ಬಿಚ್ಚಿದರು.

ಸ್ವಲ್ಪ ಹೊತ್ತಿಗೆ, ಮನೆ ಮುಂದೆ ಶಾಮಿಯಾನಾ ಹಾಕಿದ್ದಾರೆ ಎಂದು ಯಾರಿಂದಲೋ ಕೇಳಿ, ಕಾಕಾನ ಹಳೆಯ ವ್ಯಾಪಾರಿ ಗೆಳೆಯರೊಬ್ಬರು ಹಾರ ಹಿಡಿದು ಬಂದರು. ಅವರ ಹಿಂದೆ ಇನ್ನೂ ನಾಲ್ಕು ಜನ. ಹಾರ ತಂದ ಗೆಳೆಯರು ಚಪ್ಪಲಿ ಬಿಟ್ಟು ನಮ್ಮನೆಯವರ ಕೈ ಹಿಡಿದು ಅಳತೊಡಗಿದರು. ಕಾಕಾ ಬದುಕಿದ್ದಾರೆ ಎಂದು ಹೇಳಲೂ ನಮ್ಮನೆಯವರಿಗೆ ದಾಕ್ಷಿಣ್ಯ!

"ಭಾಳ ಮೆತ್ತನ್ನ ಸ್ವಭಾವ್ರಿ ಅವರದು" ಎಂದು ಗೆಳೆಯರು ಬಿಕ್ಕಿದರು. "ಜನ್ಮದಾಗ ಯಾರಿಗೂ ಒಂದ ಬಿರುಸು ಮಾತು ಆಡಲಿಲ್ಲ."

ಗಲ್ಲಿಯವರೆಲ್ಲ ಬಾಯಿಗೆ ಸೆರಗು, ಟವೆಲ್ಲು ಒತ್ತಿಕೊಂಡೆವು. ಹಿಂದಿನ ಕುರ್ಚಿಯಲ್ಲಿ ಪೇಪರಿನ ಹಾಳೆ ಮಗುಚುವುದು ನಿಂತಿತ್ತು.

"ಗಿರಾಕಿ ಅಂದ್ರ ದೇವರು ಅಂತಿದ್ರು" ಎಂದರು ಗೆಳೆಯರು.

ಪೇಪರ್ ಕೆಳಗಿಳಿಯಿತು. "ಅಂಗಡ್ಯಾಗ ಅರಿವಿ ಅಳದು ಒಂದಿಂಚೂ ಕಡಿಮಿ ಕೊಡ್ಲಿಲ್ಲ, ಅದನ್ನೂ ಹೇಳೋ!"

ಗೆಳೆಯರು ಕಿಟಾರನೆ ಕಿರುಚಿದರು. ಹಾರ ಹಾರಿ ನಮ್ಮನೆಯವರ ಕೊರಳಿಗೆ ಬಿತ್ತು. ಬಂದವರೆಲ್ಲ ದಿಕ್ಕಾಪಾಲು.

ಬದುಕಿರುವ ಮನುಷ್ಯನನ್ನು ಸಾಯಿಸಿದ ಮೇಲೆ ದೂರು ಕೊಡದೆ ಬಿಡುತ್ತಾರೆಯೇ? ಆಟ ಮುಗಿಯಿತು ಅಂದುಕೊಂಡೆ. ಕಾಕಾ ಎದ್ದು ನನ್ನ ಹತ್ತಿರ ಬಂದರು.

"ಈ ಶಾಮಿಯಾನಾ ಯಾರ ಕಾರಬಾರ?"

"ನಂದ ರೀ ಕಾಕಾ. ತಪ್ಪಾತ್ರಿ" ಅಂದೆ.

"ಮುಂದಿನ ವಾರ ನಸುಕಿನ್ಯಾಗ, ಇನ್ನಷ್ಟು ಲಗೂನ ಹಾಕಸು" ಅಂದರು ಕಾಕಾ, ದನಿ ತಗ್ಗಿಸಿ. "ಉಪ್ಪಲ್‌ದಾಗಿನ ನಮ್ಮ ಬೀಗರಿಗೆ ಇನ್ನೂ ಸುದ್ದಿ ಮುಟ್ಟಿಲ್ಲ. ಅವರೇನ್ ಹೇಳ್ತಾರ, ಕೇಳೋದೈತಿ."