ಚಿಂಗಿಯ ಹೊಟ್ಟೆಗೆ ವಿಭೂತಿ

ತಮಗೆ ಬೆಕ್ಕೆಂದರೆ ಆಗುವುದಿಲ್ಲ ಎಂದು ನಮ್ಮ ಯಜಮಾನರ ಕಾಕಾ ಉಮರ್ಗಾದಿಂದ ಮುರುಮದವರೆಗೆ ಸಾರಿಕೊಂಡು ಬಂದಿದ್ದಾರೆ. ಹಾಗೆ ಸಾರುವಾಗ ಅವರ ಧೋತರಕ್ಕೆ ಮೆತ್ತಿದ ಬಿಳಿ ಕೂದಲು ಯಾರದೆಂದು ಮಾತ್ರ ನೀವು ಕೇಳಬಾರದು!

ಕಾಕಾ ಮನೆಮನೆಗೆ ಹೋಗಿ ಪೂಜೆ ಮಾಡುವ ಅಯ್ಯನವರು. ನಮ್ಮ ಬೆಕ್ಕು ಚಿಂಗಿ ದಿನವಿಡೀ ಹೊಟ್ಟೆ ನೆಕ್ಕತೊಡಗಿದಾಗ ಮೊದಲು ಹಿಗ್ಗಿದವರು ಅವರೇ. "ನೋಡ್ರೆವ್ವಾ, ಶುಚಿ ಅಂದ್ರ ಹಿಂಗಿರಬೇಕು! ನೀವು ಒಂದ್ಸಲ ಜಳಕಾ ಮಾಡ್ಲಾಕ ಅಳತೀರಿ!"

ಶುಚಿ ಅತಿಯಾಯಿತು. ಹೊಟ್ಟೆಯ ಕೂದಲು ಹೋಗಿ ಚರ್ಮ ಕೆಂಪಾಯಿತು, ಒಂದು ಕಡೆ ನೀರೂ ಒಸರಿತು. ಕಾಕಾ ಯಾರನ್ನೂ ಕೇಳದೆ ಮೂರು ಬೆರಳಿನಿಂದ ಆ ಗಾಯಕ್ಕೆ ವಿಭೂತಿ ಎಳೆದರು. ಚಿಂಗಿ ನೆಕ್ಕಿ ನುಂಗಿತು. ಮತ್ತೆ ಎಳೆದರು, ಮತ್ತೆ ನುಂಗಿತು.

"ಕಾಕಾ, ಅದಕ್ಕ ನೆಕ್ಕಲಾಕ ಇನ್ನೊಂದು ನೆಪ ಕೊಟ್ಟಂಗಾತಲ್ರೀ!" ಎಂದೆ.

"ಇರ್ಲಿ ಬಿಡವ್ವಾ, ಹೊರಗಿಂದ ಹತ್ತಲಿಲ್ಲಂದ್ರ ಒಳಗಿಂದರೆ ಹತ್ತತದ!"

ಹತ್ತಲಿಲ್ಲ. ಚಿಂಗಿಯನ್ನು ಚೀಲದಲ್ಲಿ ಕೂರಿಸಿಕೊಂಡು ದನದ ದವಾಖಾನೆಗೆ ಹೋದೆವು. ಎಮ್ಮೆಗಳ ಸಾಲಿನಲ್ಲಿ ನಿಂತ ಕಾಕಾನನ್ನು ನೋಡಿ ಒಬ್ಬರು ಕೇಳಿದರು: "ಅಯ್ನೋರೆ, ನಿಮ್ಮದು ಹಾಲು ಎಷ್ಟು ಕೊಡತದ್ರೀ?"

"ಕೊಡೂದಿಲ್ಲ, ಕುಡೀತದ!"

ಡಾಕ್ಟರು ಕೂದಲು ಬಿಡಿಸಿ ನೋಡಿದರು. ಚಿಗಟವಿಲ್ಲ, ಗಜಕರ್ಣವೂ ಇಲ್ಲ. ಗಾಯಕ್ಕೆ ಮುಲಾಮು ಕೊಟ್ಟು, ನೆಕ್ಕದಂತೆ ಕೊರಳಿಗೆ ಅಗಲವಾದ ಪ್ಲಾಸ್ಟಿಕ್ ಪಟ್ಟಿ ಹಾಕಿದರು. ಚಿಂಗಿ ಮೈಕಿನ ಭೋಂಗಾ ಕಟ್ಟಿಕೊಂಡು ಇಲೆಕ್ಷನ್ ಪ್ರಚಾರಕ್ಕೆ ಹೊರಟಂತೆ ಕಂಡಿತು!

"ಪಟ್ಟಿ ಬಿಚ್ಚಿದ್ರ ಮತ್ತ ಸುರು ಮಾಡಬಹುದು. ಬೆಕ್ಕು ಮನಸಿಗೆ ಹಚ್ಚಕೊಂಡೂ ಹಿಂಗ ಮಾಡತಾವ. ಮನ್ಯಾಗ ಏನರೆ ಬದಲಾಗ್ಯಾದೇನು?" ಎಂದು ಡಾಕ್ಟರು ಕೇಳಿದರು.

"ಏನೂ ಇಲ್ರೀ," ಎಂದರು ಕಾಕಾ, ತಟ್ಟನೆ.

ಇಲ್ಲವೇ? ಹಳೆಯದು ಮುರಿದು ಹೊಸ ಹಲ್ಲಿನ ಸೆಟ್ಟು ಬಂದಂದಿನಿಂದ ಕಾಕಾನ ಬೆಳಗಿನ ಹಾಡು ನಿಂತಿತ್ತು. "ಶಿವಾ" ಎಂದು ಎತ್ತಿದರೆ ಸೀಟಿ ಹೊಡೆಯುತ್ತಿತ್ತು. ಒಮ್ಮೆ ಕುಕ್ಕರೆಂದುಕೊಂಡು ನಾನು ಗ್ಯಾಸ್ ಆರಿಸಲು ಓಡಿದ್ದೆ! ಆ ಹಾಡಿನುದ್ದಕ್ಕೂ ಚಿಂಗಿ ಅವರ ತೊಡೆಯ ಮೇಲೆ ಮಲಗಿರುತ್ತಿತ್ತು. ಹಾಡು ನಿಂತ ಮೇಲೆಯೇ ಅದು ಹೊಟ್ಟೆ ನೆಕ್ಕತೊಡಗಿದ್ದು.

ಮನೆಗೆ ಬಂದು ಅದನ್ನೇ ಹೇಳಿದೆ. "ಹಲ್ಲು ತಗದಿಟ್ಟು ಹಾಡ್ರಿ ಕಾಕಾ."

"ಎಲ್ಲಾರ ಮುಂದ? ಮರ್ಯಾದಿ ಅದನೋ ಇಲ್ಲೋ ನನಗ?"

ಹಲ್ಲಿಲ್ಲದ ಬಾಯಿಯನ್ನು ಅವರು ಹೆಂಡತಿಗೂ, ಅಂದರೆ ನಮ್ಮ ಕಾಕಿಗೂ, ತೋರಿಸಿದವರಲ್ಲ.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಹಾಡು ಕೇಳಿಸಿತು. ಹೋಗಿ ನೋಡಿದರೆ ಹಲ್ಲಿನ ಸೆಟ್ಟು ವಾಟಿಯ ನೀರಿನಲ್ಲಿತ್ತು. ಹಾಲಿನವನು ಬಾಗಿಲಲ್ಲಿ ನಿಂತಿದ್ದ, ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕುತ್ತಿದ್ದರು. ಕಾಕಾ ಬೊಚ್ಚುಬಾಯಿ ತೆರೆದು ಹಾಡುತ್ತಿದ್ದರು. ತೊಡೆಯ ಮೇಲೆ ಚಿಂಗಿ, ಭೋಂಗಾ ಸಮೇತ, ಗಾಢ ನಿದ್ದೆಯಲ್ಲಿತ್ತು.

ಪಟ್ಟಿ ಬಿಚ್ಚಿ ಬಹಳ ದಿನವಾಯಿತು. ಚಿಂಗಿಯ ಹೊಟ್ಟೆಗೆ ಹತ್ತಿಯಂಥ ಹೊಸ ಕೂದಲು ಬಂದಿದೆ. ಕಾಕಾ ಈಗಲೂ ಹಾಗೆಯೇ ಹಾಡುತ್ತಾರೆ. ಹಲ್ಲಿಲ್ಲದೆ ಜಾರಿಹೋಗುವ ಅಕ್ಷರಗಳನ್ನು ಪಕ್ಕದಲ್ಲಿ ಕೂತ ಕಾಕಿ, ಅವರಿಗೆ ಗೊತ್ತಾಗದಷ್ಟು ಮೆಲ್ಲಗೆ, ತಾವೇ ಹಾಡಿ ತುಂಬುತ್ತಾರೆ.